ದಪ್ಪ, ದುಂಡು ‘ಬಲೂ ತಮ್ಮ’: ಈ ಫಾಂಟ್ ಎಲ್ಲಿ ಚೆಂದ, ಎಲ್ಲಿ ಬೇಡ?

ಹಬ್ಬದ ಶುಭಾಶಯ, ಮನೆಮದ್ದಿನ ಪೋಸ್ಟರ್‌ಗಳಲ್ಲಿ ಪೂರಿಯಂತೆ ಉಬ್ಬಿದ ಕನ್ನಡ ಅಕ್ಷರಗಳನ್ನು ನೀವು ನೋಡಿರುತ್ತೀರಿ. ಅಂಥ ಫಾಂಟ್‌ಗಳಲ್ಲಿ ಒಂದು ‘ಬಲೂ ತಮ್ಮ’, ಮುಂಬೈನ ಏಕ್ ಟೈಪ್ ತಂಡದ ವಿನ್ಯಾಸ. ಇದೇ ಕುಟುಂಬದಲ್ಲಿ ತಮಿಳಿಗೆ ‘ತಂಬಿ’, ತೆಲುಗಿಗೆ ‘ತಮ್ಮುಡು’, ಮಲಯಾಳಂಗೆ ‘ಚೇಟ್ಟನ್’. ನಮ್ಮ ಪಾಲಿಗೆ ತಮ್ಮ!

ಗೆರೆಗಳ ತುದಿ ಚೂಪಾಗಿಲ್ಲ, ದುಂಡಗಿದೆ. ಹಾಗಾಗಿ ನೋಡಲು ಮೃದು, ಸ್ವಲ್ಪ ತುಂಟ. ಶೀರ್ಷಿಕೆಗೆ, ಅಂಗಡಿ ಬೋರ್ಡಿಗೆ, ಮಕ್ಕಳ ಪುಸ್ತಕದ ಮುಖಪುಟಕ್ಕೆ ಹೇಳಿಮಾಡಿಸಿದಂತಿದೆ.

ಅಕ್ಷರ ದಪ್ಪಗಿದ್ದರೆ ಸುದ್ದಿ ಅಧಿಕೃತವೇ? ಖಂಡಿತ ಅಲ್ಲ. ಇದು ಮುಕ್ತ ಪರವಾನಗಿಯ ಉಚಿತ ಫಾಂಟ್. ಗೂಗಲ್ ಫಾಂಟ್ಸ್‌ನಿಂದ ಆಸ್ಪತ್ರೆಯವರೂ ಇಳಿಸಿಕೊಳ್ಳಬಹುದು, ಸುಳ್ಳು ಫಾರ್ವರ್ಡ್ ಹುಟ್ಟುಹಾಕುವವರೂ ಇಳಿಸಿಕೊಳ್ಳಬಹುದು.

ತೊಂದರೆ ಇರುವುದು ಸಣ್ಣ ಗಾತ್ರದಲ್ಲಿ. ದಪ್ಪ ಗೆರೆ ಅಕ್ಷರದೊಳಗಿನ ಖಾಲಿ ಜಾಗವನ್ನು ನುಂಗಿಬಿಡುತ್ತದೆ. ಕನ್ನಡದ ‘ದ’ಕ್ಕೂ ‘ಧ’ಕ್ಕೂ ಇರುವುದು ಕೆಳಗಿನ ಪುಟ್ಟ ಸೀಳಿನ ವ್ಯತ್ಯಾಸ. ಮೊಬೈಲ್ ಪರದೆಯಲ್ಲಿ ಅದು ಮುಚ್ಚಿಹೋದರೆ ‘ಧನ’ ಹೋಗಿ ‘ದನ’ ಬರುತ್ತದೆ. ಒತ್ತಕ್ಷರಗಳ ಪಾಡೂ ಅಷ್ಟೇ. ಓದುಗರಲ್ಲಿ ಕನ್ನಡಕ ಹುಡುಕುವ ಅಜ್ಜ-ಅಜ್ಜಿಯರೂ ಇರುತ್ತಾರಲ್ಲ! ಮಾತ್ರೆ ಯಾವಾಗ, ಎಷ್ಟು ಎಂಬಂಥ ವಿವರಗಳಿಗೆ ಇದನ್ನು ಬಳಸಬೇಡಿ ಎನ್ನುತ್ತೇವೆ ನಾವು. ಶೀರ್ಷಿಕೆಗೆ ಮಾತ್ರ ಇದು, ಕೆಳಗಿನ ಬರಹಕ್ಕೆ ತೆಳುವಾದ ಬೇರೆ ಫಾಂಟ್ ಇರಲಿ. ಇದೇ ರೂಪ ಬೇಕೇ ಬೇಕು ಎನ್ನುವವರಿಗೆ ‘ಬಲೂ ತಮ್ಮ 2’ ಇದೆ. ಅದರಲ್ಲಿ ಐದು ತೂಕಗಳಿದ್ದು, ಸಾಧಾರಣ ದಪ್ಪದ್ದೂ ಸಿಗುತ್ತದೆ.