ಬಿಸಿಲ ಸೀಮೆಯಲ್ಲಿ ಪೆಲ್ಟಿಯರ್ ತಂಪು

ಬೀದರ್ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ್ ಸೀಮೆಯಲ್ಲಿ ಏಪ್ರಿಲ್–ಮೇ ಬಂತೆಂದರೆ ಪಾದರಸ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಔಷಧಿಯನ್ನೋ ನಾಲ್ಕು ಬಾಟಲಿ ನೀರನ್ನೋ ತಣ್ಣಗಿಡಲು ಹಳೆಯ ಕಂಪ್ಯೂಟರಿನ ಭಾಗಗಳನ್ನು ಬಳಸಿ ತಂಪುಪೆಟ್ಟಿಗೆ ಮಾಡಿಕೊಳ್ಳಬಹುದು. ಅದಕ್ಕೆ ಬೇಕಾದ, ವಿದ್ಯುತ್ ಹರಿಸಿದಾಗ ಒಂದು ಬದಿ ತಂಪಾಗಿ ಇನ್ನೊಂದು ಬದಿ ಬಿಸಿಯಾಗುವ ಪೆಲ್ಟಿಯರ್ ಬಿಲ್ಲೆಯ ಹಿಂದೆ ಎರಡು ಶತಮಾನಗಳ ಶೋಧವಿದೆ. ತಂಪು ಹುಟ್ಟಿಸುವುದಕ್ಕಿಂತ ಶಾಖವನ್ನು ಸಾಗಹಾಕುವುದೇ ಕಷ್ಟ ಎಂಬುದು ಆ ಚರಿತ್ರೆಯುದ್ದಕ್ಕೂ ಎದ್ದು ಕಾಣುವ ಪಾಠ.

ಲೋಹದಿಂದ ಅರೆವಾಹಕಕ್ಕೆ

ಎರಡು ಬೇರೆ ಬೇರೆ ಲೋಹಗಳ ಬೆಸುಗೆಯನ್ನು ಕಾಯಿಸಿದರೆ ವಿದ್ಯುತ್ ಹುಟ್ಟುವ ವಿದ್ಯಮಾನವನ್ನು 1821ರಲ್ಲಿ ಕಂಡವರು ಥಾಮಸ್ ಸೀಬೆಕ್. ವಿದ್ಯುತ್ ಹರಿಸಿದರೆ ಅದೇ ಬೆಸುಗೆ ಬಿಸಿಯೋ ತಂಪೋ ಆಗುತ್ತದೆಂದು 1834ರಲ್ಲಿ ಗುರುತಿಸಿದವರು ಫ್ರಾನ್ಸಿನ ಜಾನ್ ಪೆಲ್ಟಿಯರ್; ಗಡಿಯಾರದ ಕಸುಬು ಬಿಟ್ಟು ಭೌತಶಾಸ್ತ್ರಕ್ಕೆ ಬಂದವರು. 1838ರಲ್ಲಿ ಎಮಿಲ್ ಲೆನ್ಜ್ ಬಿಸ್ಮತ್–ಆಂಟಿಮನಿ ಬೆಸುಗೆಯ ಮೇಲೆ ನೀರಿನ ಹನಿಯನ್ನು ಹೆಪ್ಪುಗಟ್ಟಿಸಿದರು. ವಿದ್ಯುತ್ತಿನ ದಿಕ್ಕು ಬದಲಿಸಿ ಮತ್ತೆ ಕರಗಿಸಿದರು.

ಆಮೇಲೆ ಕೆಲಸ ಬಹುಕಾಲ ನಿಂತಿತು. ವಿದ್ಯುತ್ತನ್ನು ಸಲೀಸಾಗಿ ಹರಿಸುವ ಲೋಹ ಶಾಖವನ್ನೂ ಹಾಗೆಯೇ ಹರಿಸುತ್ತದೆ. ಒಂದು ಬದಿಯಿಂದ ತೆಗೆದ ಬಿಸಿ ಮತ್ತೆ ಅಲ್ಲಿಗೇ ವಾಪಸಾಗುತ್ತದೆ. ವಿದ್ಯುತ್ ಸುಲಭವಾಗಿ ಹರಿಯಬೇಕು, ಶಾಖ ಹರಿಯಬಾರದು, ಸೀಬೆಕ್ ಪರಿಣಾಮ ದೊಡ್ಡದಿರಬೇಕು ಎಂಬ ಲೆಕ್ಕವನ್ನು 1909–11ರಲ್ಲಿ ಜರ್ಮನಿಯ ಎಡ್ಮಂಡ್ ಆಲ್ಟೆನ್‌ಕಿರ್ಖ್ ಮುಂದಿಟ್ಟರು. ಅರೆವಾಹಕಗಳಲ್ಲಿ ಇದಕ್ಕೆ ಉತ್ತರವಿದೆ ಎಂದು ಸೋವಿಯತ್ ವಿಜ್ಞಾನಿ ಅಬ್ರಾಮ್ ಇಯೋಫೆ ತೋರಿಸಿಕೊಟ್ಟರು. 1954ರಲ್ಲಿ ಇಂಗ್ಲೆಂಡಿನ ಗೋಲ್ಡ್‌ಸ್ಮಿಡ್ ಮತ್ತು ಡಗ್ಲಸ್ ಬಿಸ್ಮತ್ ಟೆಲ್ಯುರೈಡ್‌ನ ಸಾಮರ್ಥ್ಯವನ್ನು ಸಾಬೀತುಮಾಡಿದರು. ಇಂದಿಗೂ ಮಾರುಕಟ್ಟೆಯ ಬಿಲ್ಲೆಗಳಲ್ಲಿರುವುದು ಆ ಕುಟುಂಬದ ವಸ್ತುವೇ.

ಇಂಥ ವಸ್ತುಗಳ ಶೋಧ ಕರ್ನಾಟಕದಲ್ಲೂ ನಡೆದಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ತಂಡ ಬೆಳ್ಳಿ–ಆಂಟಿಮನಿ ಟೆಲ್ಯುರೈಡ್‌ಗೆ ಕ್ಯಾಡ್ಮಿಯಂ ಬೆರೆಸಿ ಪಡೆದ ಉತ್ತಮ ಫಲಿತಾಂಶ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅದರ ಬಲವಿರುವುದು ಸುಮಾರು 300 ಡಿಗ್ರಿಯಲ್ಲಿ. ಹಾಗಾಗಿ ತಂಪಿಗಿಂತ ವ್ಯರ್ಥ ಶಾಖದಿಂದ ವಿದ್ಯುತ್ ಪಡೆಯಲು ಅದು ಹೆಚ್ಚು ಉಪಯುಕ್ತ.

ಕಂಪ್ಯೂಟರ್ ಕೊಟ್ಟ ನೆರವು

1990ರ ದಶಕದಲ್ಲಿ ಪ್ರೊಸೆಸರ್‌ಗಳು ಬಿಸಿಯೇರಿದಂತೆ ಅವುಗಳ ಶಾಖ ಸಾಗಹಾಕಲು ಹೀಟ್‌ಸಿಂಕ್, ಫ್ಯಾನ್, ಥರ್ಮಲ್ ಪೇಸ್ಟ್ ಎಲ್ಲೆಡೆ ಬಂದವು. 12 ವೋಲ್ಟ್ ಕೊಡುವ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಡಬ್ಬಿ) ಕೂಡ ಜೊತೆಗಿತ್ತು. ಹುಮನಾಬಾದ್ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65 ಹಿಡಿದರೆ ಹೈದರಾಬಾದಿನ ಮಾರುಕಟ್ಟೆಗಳಲ್ಲಿ ಇವೆಲ್ಲ ಸಿಗುತ್ತವೆ.

ಸಾಮಾನ್ಯವಾಗಿ ಬಳಸುವ ಟಿಇಸಿ1-12706 ಬಿಲ್ಲೆ 40 ಮಿಲಿಮೀಟರ್ ಚೌಕ. ಒಳಗೆ 127 ಅರೆವಾಹಕ ಜೋಡಿಗಳು. ಎಸ್‌ಎಂಪಿಎಸ್‌ನ ಹಸಿರು ತಂತಿಯನ್ನು ಕಪ್ಪು ತಂತಿಗೆ ಜೋಡಿಸಿದರೆ ಅದು ಚಾಲೂ ಆಗುತ್ತದೆ. ಹಳದಿ ಮತ್ತು ಕಪ್ಪು ತಂತಿಗಳ ನಡುವೆ 12 ವೋಲ್ಟ್ ಸಿಗುತ್ತದೆ. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕಾರಿ ವಿದ್ಯುತ್ ಉಳಿದಿರುತ್ತದೆ. ಹೀಟ್‌ಸಿಂಕ್ ಇಲ್ಲದೆ ಬಿಲ್ಲೆಗೆ ವಿದ್ಯುತ್ ಕೊಟ್ಟರೆ ಬೇಗನೆ ಸುಟ್ಟುಹೋಗುತ್ತದೆ.

ಇಲ್ಲಿನ ಲೆಕ್ಕ

ಪೆಟ್ಟಿಗೆಯಿಂದ 20 ವ್ಯಾಟ್ ಶಾಖ ತೆಗೆಯಲು ಬಿಲ್ಲೆ 50–55 ವ್ಯಾಟ್ ವಿದ್ಯುತ್ ತಿನ್ನುತ್ತದೆ ಎನ್ನೋಣ. ಬಿಸಿ ಬದಿ ಸುಮಾರು 75 ವ್ಯಾಟ್ ಹೊರಹಾಕಬೇಕು. ಪ್ರತಿ ವ್ಯಾಟ್‌ಗೆ 0.4 ಡಿಗ್ರಿ ಏರುವ ಹೀಟ್‌ಸಿಂಕ್ ಆಗ 30 ಡಿಗ್ರಿ ಬಿಸಿಯೇರುತ್ತದೆ. ಹೊರಗೆ 40 ಇದ್ದರೆ ಬಿಸಿ ಬದಿ 70. ಬಿಲ್ಲೆ 40 ಡಿಗ್ರಿ ಅಂತರ ಕೊಟ್ಟರೂ ತಂಪು ಬದಿ 30ರಲ್ಲೇ ನಿಲ್ಲುತ್ತದೆ. ಚಳಿಗಾಲದಲ್ಲಿ ಚೆನ್ನಾಗಿ ನಡೆದ ಪೆಟ್ಟಿಗೆ ಬೇಸಿಗೆಯಲ್ಲಿ ಕೈಕೊಡುವುದು ಇದರಿಂದಲೇ.

ಆದರೆ ಈ ಭಾಗದ ಬೇಸಿಗೆ ಒಣ ಬೇಸಿಗೆ. ಗಾಳಿಯಲ್ಲಿ ತೇವಾಂಶ ಶೇ 20ರಷ್ಟಿದ್ದರೆ 40 ಡಿಗ್ರಿಯ ಗಾಳಿಗೊಡ್ಡಿದ ಒದ್ದೆ ಬಟ್ಟೆ 22 ಡಿಗ್ರಿಯವರೆಗೂ ತಣಿಯಬಲ್ಲದು. ಏರ್ ಕೂಲರ್ ನಡೆಯುವುದು ಈ ಬಲದ ಮೇಲೆ. ಗಂಟೆಗೆ ಒಂದು ಲೀಟರ್ ನೀರು ಆವಿಯಾದರೆ ಸುಮಾರು 670 ವ್ಯಾಟ್ ಶಾಖ ಹೋಗುತ್ತದೆ. ಅದರೆದುರು ನಮ್ಮ 75 ವ್ಯಾಟ್ ಅಲ್ಪ. ಹಾಗಾಗಿ ಹೀಟ್‌ಸಿಂಕ್ ಬದಲು ಒಳಗೆ ನೀರು ಹರಿಯುವ, ಕಂಪ್ಯೂಟರಿನ ವಾಟರ್‌ಬ್ಲಾಕ್ ಕೂರಿಸಿ, ಅದರ ನೀರನ್ನು ಕೂಲರ್ ತೊಟ್ಟಿಯಲ್ಲಿ ಮುಳುಗಿಸಿದ ತಾಮ್ರದ ಸುರುಳಿಯ ಮೂಲಕ ಸುತ್ತಿಸುವುದು ಇಲ್ಲಿಗೆ ಒಪ್ಪುವ ದಾರಿ. ತೊಟ್ಟಿಯ ನೀರನ್ನೇ ನೇರ ಹರಿಸಿದರೆ ಗಡಸು ಬೋರ್‌ವೆಲ್ ನೀರಿನ ಸುಣ್ಣ ವಾಟರ್‌ಬ್ಲಾಕ್‌ನಲ್ಲಿ ಕಟ್ಟಿಕೊಳ್ಳುತ್ತದೆ. ಬಿಸಿ ಬದಿ 40ರ ಒಳಗೆ ಉಳಿದರೆ ತಂಪು ಬದಿಯನ್ನು 10ರ ಹತ್ತಿರಕ್ಕೆ ತರಬಹುದು.

ಮಿತಿಗಳನ್ನೂ ಹೇಳಲೇಬೇಕು. ಅಷ್ಟೇ ತಂಪಿಗೆ ಕಂಪ್ರೆಸರ್ ಫ್ರಿಜ್ ಇದಕ್ಕಿಂತ ಬಹಳ ಕಡಿಮೆ ವಿದ್ಯುತ್ ಬಳಸುತ್ತದೆ. ಕರೆಂಟ್ ಹೋದ ಕೂಡಲೇ ಬಿಲ್ಲೆಯ ಮೂಲಕವೇ ಬಿಸಿ ಒಳಕ್ಕೆ ನುಗ್ಗುತ್ತದೆ. 2ರಿಂದ 8 ಡಿಗ್ರಿಯಲ್ಲೇ ಇರಬೇಕಾದ ಲಸಿಕೆಯನ್ನೋ ಇನ್ಸುಲಿನ್ ದಾಸ್ತಾನನ್ನೋ ಇಂಥ ಪೆಟ್ಟಿಗೆಗೆ ಒಪ್ಪಿಸಬಾರದು. ಕೋಣೆ ತಂಪಾಗಿಸುವ ಆಸೆಯೂ ಬೇಡ.

ಬಿಲ್ಲೆಯ ತಯಾರಕರು ಕೊಡುವ ಅಂಕಿಗಳು ಸಾಮಾನ್ಯವಾಗಿ ಬಿಸಿ ಬದಿ 25 ಅಥವಾ 50 ಡಿಗ್ರಿ ಇದ್ದಾಗಿನವು. ನಮ್ಮ ಬಿಸಿಲಿನ ಅಂಕಿಗಳನ್ನು ನಾವೇ ಅಳೆಯಬೇಕು. ಬೀದರ್ ಜಿಲ್ಲೆಯ ಎಂಜಿನಿಯರಿಂಗ್, ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಪೆಟ್ಟಿಗೆ ಕಟ್ಟುವುದರ ಜೊತೆಗೆ ಹೊರಗಿನ ಉಷ್ಣಾಂಶ, ತೇವಾಂಶ, ಎರಡೂ ಬದಿಯ ಬಿಸಿ, ವಿದ್ಯುತ್ ಬಳಕೆಗಳನ್ನು ತಿಂಗಳವಾರು ಬರೆದಿಟ್ಟರೆ, ಮುಂದಿನವರು ಊಹೆಯಿಂದಲ್ಲ, ಅಳತೆಯಿಂದ ಕೆಲಸ ಶುರುಮಾಡಬಹುದು.