ಟ್ರೌಟ್ ಬಿತ್ತನೆ ಮತ್ತು ಸ್ಥಳೀಯ ಜೀವಿಗಳ ಸಂರಕ್ಷಣೆ

ಹವ್ಯಾಸಕ್ಕಾಗಿ ಗಾಳ ಹಾಕುವವರಿಗೆ ಮೀನು ಸಿಗಲೆಂದು, ಪಾಲನಾ ಕೇಂದ್ರಗಳಲ್ಲಿ ಬೆಳೆಸಿದ ಟ್ರೌಟ್ ಮೀನುಗಳನ್ನು ಹೊಳೆ, ಸರೋವರ, ಜಲಾಶಯಗಳಿಗೆ ಬಿಡುವುದೇ ಟ್ರೌಟ್ ಬಿತ್ತನೆ. ಆಯಾ ನೀರಿನಲ್ಲಿ ಮೊದಲಿನಿಂದ ಬಾಳಿಕೊಂಡು ಬಂದ ಕಪ್ಪೆ, ಮೀನು, ಕೀಟಗಳಿಗೆ ಇದರಿಂದ ಕುತ್ತು ಬಂದಾಗ, ಬಿತ್ತನೆ ಎಲ್ಲಿ ಮಾಡಬೇಕು, ಯಾವ ತಳಿಯದು ಮಾಡಬೇಕು ಎಂಬ ಪ್ರಶ್ನೆ ಏಳುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಫಲವಾಗಿ 2008–2010ರ ಅವಧಿಯಲ್ಲಿ ಇಡೀ ರಾಜ್ಯದ ಬಿತ್ತನೆ ಪದ್ಧತಿ ಬದಲಾಯಿತು.

ಹಿನ್ನೆಲೆ

ಕಾಮನಬಿಲ್ಲು ಟ್ರೌಟ್ (ರೇನ್‌ಬೋ ಟ್ರೌಟ್) ಕ್ಯಾಲಿಫೋರ್ನಿಯಾದ ಹೊಳೆಗಳಿಗೆ ಸಹಜವಾದ ಮೀನು. ಕಂದು ಟ್ರೌಟ್ ಯುರೋಪಿನಿಂದಲೂ, ಬ್ರೂಕ್ ಟ್ರೌಟ್ ಅಮೆರಿಕದ ಪೂರ್ವ ಭಾಗದಿಂದಲೂ ಬಂದವು. ಮೆಕ್‌ಕ್ಲೌಡ್ ನದಿಯ ದಡದಲ್ಲಿ 1872ರಲ್ಲಿ ಲಿವಿಂಗ್‌ಸ್ಟನ್ ಸ್ಟೋನ್ ಸರ್ಕಾರದ ಪರವಾಗಿ ಮೀನುಮರಿ ಕೇಂದ್ರವನ್ನು ಸ್ಥಾಪಿಸಿದರು. ಮುಂದೆ ಈ ನದಿಯ ಟ್ರೌಟ್ ಮೊಟ್ಟೆಗಳು ದೂರದೂರದ ನಾಡುಗಳಿಗೂ ಹೋದವು.

ಸಿಯೆರಾ ನೆವಾಡಾ ಪರ್ವತಶ್ರೇಣಿಯಲ್ಲಿ ಸುಮಾರು 1,800 ಮೀಟರ್‌ಗಿಂತ ಮೇಲಿರುವ ಸರೋವರಗಳಲ್ಲಿ ಹಿಂದೆ ಮೀನುಗಳೇ ಇರಲಿಲ್ಲವೆನ್ನಬಹುದು. ಹಿಮನದಿಗಳು ಕೊರೆದ ಆ ಸರೋವರಗಳಿಗೆ ಕಡಿದಾದ ಜಲಪಾತಗಳನ್ನು ದಾಟಿ ಮೀನು ಏರಿಬರುವಂತಿರಲಿಲ್ಲ. ಅಲ್ಲಿಗೆ ಮೀನನ್ನು ಒಯ್ದವರು ಜನರೇ. 1876ರಲ್ಲಿ ಮಲ್ಕಿ ತೊರೆಯ ಕೆಲವು ಹೊಂಬಣ್ಣದ ಟ್ರೌಟ್‌ಗಳನ್ನು ಕಾಫಿ ಪಾತ್ರೆಯಲ್ಲಿಟ್ಟು ಕಾಟನ್‌ವುಡ್ ತೊರೆಗೆ ಸಾಗಿಸಿದ್ದು ದಾಖಲಾಗಿದೆ. ಆಮೇಲೆ ಹೇಸರಗತ್ತೆಗಳ ಬೆನ್ನ ಮೇಲೆ ಕ್ಯಾನುಗಳಲ್ಲಿ ಮರಿಗಳು ಬೆಟ್ಟ ಏರಿದವು. ಎರಡನೇ ಮಹಾಯುದ್ಧದ ನಂತರ ವಿಮಾನಗಳಿಂದಲೇ ಮರಿಗಳನ್ನು ಸರೋವರಗಳಿಗೆ ಸುರಿಯಲಾಯಿತು.

ಸ್ಥಳೀಯ ಜೀವಿಗಳ ಮೇಲಿನ ಪರಿಣಾಮ

ಹೆಚ್ಚು ಪೆಟ್ಟು ತಿಂದದ್ದು ಬೆಟ್ಟದ ಹಳದಿಗಾಲಿನ ಕಪ್ಪೆ. ಎತ್ತರದ ಚಳಿಯಲ್ಲಿ ಇದರ ಗೊದಮೊಟ್ಟೆ ಕಪ್ಪೆಯಾಗಲು ಎರಡರಿಂದ ನಾಲ್ಕು ವರ್ಷ ಹಿಡಿಯುತ್ತದೆ. ಅಷ್ಟೂ ಚಳಿಗಾಲ ಬದುಕಿ ಉಳಿಯಬೇಕಾದರೆ ತಳದವರೆಗೆ ಹೆಪ್ಪುಗಟ್ಟದ ಆಳವಾದ ಸರೋವರವೇ ಬೇಕು. ಟ್ರೌಟ್ ಬದುಕುವುದೂ ಅಂಥ ಸರೋವರಗಳಲ್ಲೇ. ಗೊದಮೊಟ್ಟೆಗಳನ್ನು ಟ್ರೌಟ್ ತಿಂದುಹಾಕಿದಂತೆ ಕಪ್ಪೆಗಳು ಆಳವಿಲ್ಲದ ಹೊಂಡಗಳಿಗೆ ಸೀಮಿತವಾಗಿ ಕ್ಷೀಣಿಸಿದವು. ಕೈಟ್ರಿಡ್ ಎಂಬ ಶಿಲೀಂಧ್ರ ರೋಗವೂ ಸೇರಿಕೊಂಡು, ಹಿಂದೆ ಅವು ಇದ್ದ ತಾಣಗಳ ಪೈಕಿ ಶೇ. 90ಕ್ಕೂ ಹೆಚ್ಚು ಕಡೆ ಇಲ್ಲವಾದವು.

ಕಿಂಗ್ಸ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದ ಕೆಲವು ಸರೋವರಗಳಿಂದ ಬಲೆ ಹಾಕಿ ಟ್ರೌಟ್‌ಗಳನ್ನು ತೆಗೆದಾಗ ಕಪ್ಪೆಗಳು ಬೇಗನೆ ಮತ್ತೆ ಹೆಚ್ಚಿದವು. ಇದನ್ನು ತೋರಿಸಿದ ವಾನ್ಸ್ ವ್ರೆಡೆನ್‌ಬರ್ಗ್ ಅವರ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಹಾನಿ ನೀರಿಗಷ್ಟೇ ಸೀಮಿತವಲ್ಲ. ಮೇಫ್ಲೈ ಕೀಟದ ಮರಿಗಳನ್ನು ಟ್ರೌಟ್ ತಿನ್ನುವುದರಿಂದ, ರೆಕ್ಕೆ ಬಂದು ಹಾರುವ ಕೀಟಗಳನ್ನೇ ನೆಚ್ಚಿದ ರೋಸಿ ಫಿಂಚ್ ಹಕ್ಕಿಗಳು ಮೀನಿರುವ ಸರೋವರಗಳ ಬಳಿ ಕಡಿಮೆ ಕಾಣಸಿಗುತ್ತವೆ.

ಇನ್ನೊಂದು ಅಪಾಯ ತಳಿಬೆರಕೆ. ಸಿಲ್ವರ್ ಕಿಂಗ್ ತೊರೆಯಲ್ಲಿ ಲೆವೆಲಿನ್ ಜಲಪಾತದ ಕೆಳಗಿನ ಸುಮಾರು 14 ಕಿ.ಮೀ. ಹರಿವಷ್ಟೇ ಪಾಯೂಟ್ ಕಟ್‌ಥ್ರೋಟ್ ಟ್ರೌಟ್‌ನ ಮೂಲ ನೆಲೆ. ಅಲ್ಲಿ ಬಿಟ್ಟ ಹೊರಗಿನ ಟ್ರೌಟ್‌ಗಳೊಂದಿಗೆ ಕೂಡಿ ಶುದ್ಧ ತಳಿ ಮರೆಯಾಯಿತು. 1912ರಲ್ಲಿ ಕುರಿಗಾಹಿಯೊಬ್ಬ ಕೆಲವು ಮೀನುಗಳನ್ನು ಜಲಪಾತದ ಮೇಲಕ್ಕೆ ಒಯ್ದು ಬಿಟ್ಟಿದ್ದರಿಂದ ಮಾತ್ರ ವಂಶ ಉಳಿಯಿತು. ಬೆರಕೆ ಮೀನುಗಳನ್ನು ತೆಗೆಯಲು 2013ರಿಂದ 2015ರವರೆಗೆ ರೊಟೆನೋನ್ ಎಂಬ ಮೀನುನಾಶಕ ಬಳಸಲಾಯಿತು. ತೊರೆಯ ಕೀಟಗಳಿಗೂ ಇದು ವಿಷವೆಂಬ ಆಕ್ಷೇಪದಿಂದ ಈ ಕೆಲಸ ವರ್ಷಗಟ್ಟಲೆ ತಡವಾಗಿತ್ತು. ಕೊನೆಗೆ 2019ರಲ್ಲಿ ಪಾಯೂಟ್ ಟ್ರೌಟ್ ತನ್ನ ಮೂಲ ನೆಲೆಗೆ ಮರಳಿತು.

ಮೊಕದ್ದಮೆ ಮತ್ತು ಹೊಸ ನಿಯಮ

ಸೆಕ್ವೊಯಾ–ಕಿಂಗ್ಸ್ ಕ್ಯಾನ್ಯನ್ ಮತ್ತು ಯೊಸೆಮಿಟಿ ರಾಷ್ಟ್ರೀಯ ಉದ್ಯಾನಗಳಲ್ಲಿ 1990ರ ದಶಕದ ಆರಂಭದ ಹೊತ್ತಿಗೇ ಬಿತ್ತನೆ ನಿಂತಿತ್ತು. ಉದ್ಯಾನಗಳ ಹೊರಗೆ ಮುಂದುವರಿದ ಬಿತ್ತನೆಗೆ ಪರಿಸರ ಪರಿಣಾಮದ ಪರಿಶೀಲನೆ ನಡೆದಿಲ್ಲವೆಂದು ಪೆಸಿಫಿಕ್ ರಿವರ್ಸ್ ಕೌನ್ಸಿಲ್ ಮತ್ತು ಸೆಂಟರ್ ಫಾರ್ ಬಯಾಲಜಿಕಲ್ ಡೈವರ್ಸಿಟಿ 2006ರಲ್ಲಿ ರಾಜ್ಯದ ಮೀನು ಇಲಾಖೆಯ ವಿರುದ್ಧ ದಾವೆ ಹೂಡಿದವು. ಸೂಕ್ಷ್ಮ ಸ್ಥಳೀಯ ಪ್ರಭೇದಗಳಿರುವ ಅಥವಾ ಸಮೀಕ್ಷೆಯೇ ಆಗದ ನೀರಿಗೆ ವರದಿ ಸಿದ್ಧವಾಗುವವರೆಗೆ ಮೀನು ಬಿಡಬಾರದೆಂದು 2008ರ ನವೆಂಬರಿನಲ್ಲಿ ನ್ಯಾಯಾಲಯ ಆದೇಶಿಸಿತು. ಕೆಲವು ಬಗೆಯ ದೊಡ್ಡ ಜಲಾಶಯಗಳಿಗೆ ವಿನಾಯಿತಿ ಸಿಕ್ಕಿತು. 2010ರ ಜನವರಿಯಲ್ಲಿ ಪರಿಸರ ಪರಿಣಾಮ ವರದಿ ಅಂತಿಮಗೊಂಡಿತು.

ಅಂದಿನಿಂದ ಬಿತ್ತನೆಗೆ ಮುನ್ನ ಪ್ರತಿ ತಾಣದಲ್ಲೂ ಸ್ಥಳೀಯ ಜೀವಿಗಳಿವೆಯೇ ಎಂದು ಪರಿಶೀಲಿಸಲಾಗುತ್ತದೆ. ಅಪಾಯವಿದ್ದಲ್ಲಿ ಬಿತ್ತನೆ ಕೈಬಿಡಬೇಕು, ಇಲ್ಲವೇ ಆ ತಾಣಕ್ಕೆ ನಿರ್ವಹಣಾ ಯೋಜನೆ ರೂಪಿಸಬೇಕು. ಬೆರಕೆ ತಡೆಯಲು ಟ್ರಿಪ್ಲಾಯ್ಡ್ ಮೀನುಗಳ ಬಳಕೆ ಹೆಚ್ಚಿತು. ಫಲಿತ ಮೊಟ್ಟೆಗಳಿಗೆ ಶಾಖ ಅಥವಾ ಒತ್ತಡ ಕೊಟ್ಟಾಗ ಮರಿಗಳಲ್ಲಿ ಎರಡು ಸೆಟ್ ಬದಲು ಮೂರು ಸೆಟ್ ವರ್ಣತಂತುಗಳು ಉಳಿಯುತ್ತವೆ. ಇಂಥ ಮೀನು ಗಾಳಕ್ಕೆ ಬೀಳುತ್ತದೆ, ಸಂತಾನ ಬೆಳೆಸುವುದಿಲ್ಲ. ಆದರೆ ಗೊದಮೊಟ್ಟೆಗಳನ್ನು ಅದೂ ತಿನ್ನುತ್ತದೆ. ಹಾಗಾಗಿ ಕಪ್ಪೆಯಿರುವ ಸರೋವರಕ್ಕೆ ಇದು ಪರಿಹಾರವಲ್ಲ.

ಗಾಳ ಹಾಕುವವರಿಗೆ ಆದದ್ದೇನು?

ಇನ್ಯೊ, ಮೋನೊದಂಥ ಬೆಟ್ಟದ ಕೌಂಟಿಗಳಲ್ಲಿ ವಸತಿಗೃಹ, ದೋಣಿ ಬಾಡಿಗೆ, ಗಾಳದ ಅಂಗಡಿಗಳೆಲ್ಲ ಟ್ರೌಟ್ ಹಂಗಾಮನ್ನು ನಂಬಿವೆ. ಬಿತ್ತನೆ ನಿಂತ ಊರುಗಳಿಗೆ ನಿಜವಾದ ನಷ್ಟ ತಟ್ಟಿತು, ಅಲ್ಲಿನವರ ಅಳಲನ್ನು ತಳ್ಳಿಹಾಕುವಂತಿಲ್ಲ. 2005ರ ರಾಜ್ಯ ಕಾನೂನಿನ ಪ್ರಕಾರ ಗಾಳದ ಪರವಾನಗಿ ಶುಲ್ಕದ ಮೂರನೇ ಒಂದು ಭಾಗ ಮೀನುಮರಿ ಕೇಂದ್ರಗಳು ಮತ್ತು ಟ್ರೌಟ್ ಕಾರ್ಯಕ್ರಮಗಳಿಗೇ ಮೀಸಲು. ದುಡ್ಡು ಕೊಟ್ಟವರು ಮೀನು ಕೇಳುವುದು ನ್ಯಾಯವೇ. ಆದರೆ ಗಾಳ ಹಾಕುವುದನ್ನೇ ಈ ಆದೇಶ ನಿಷೇಧಿಸಲಿಲ್ಲ. ಜಲಾಶಯಗಳಲ್ಲೂ ರಸ್ತೆ ಬದಿಯ ಸರೋವರಗಳಲ್ಲೂ ಬಿತ್ತನೆ ಮುಂದುವರಿದಿದೆ. ಬೆಟ್ಟದ ಎಷ್ಟೋ ಸರೋವರಗಳಲ್ಲಿ ಹಿಂದೆ ಬಿಟ್ಟ ಟ್ರೌಟ್‌ಗಳು ತಾವೇ ಮರಿ ಮಾಡಿಕೊಂಡು ಉಳಿದಿವೆ. ರಾಜ್ಯದ ಆರು ಬಗೆಯ ಸ್ಥಳೀಯ ಟ್ರೌಟ್‌ಗಳನ್ನು ಅವುಗಳ ಮೂಲ ಹೊಳೆಗಳಲ್ಲೇ ಹಿಡಿದವರಿಗೆ ಸರ್ಕಾರ ಪ್ರಮಾಣಪತ್ರ ಕೊಡುತ್ತದೆ. ಸ್ಥಳೀಯ ಮೀನು ಉಳಿದರಷ್ಟೇ ಈ ಗಾಳಗಾರಿಕೆಯೂ ಉಳಿದೀತು.

ಭಾರತದ ಸಂದರ್ಭ

ಇದೇ ಬಗೆಯ ಪಾಠ ಕಾವೇರಿಯಲ್ಲೂ ಇದೆ. ಕಾವೇರಿ ಕಣಿವೆಯಲ್ಲಿ ಮಾತ್ರ ಇರುವ ಗೂನುಬೆನ್ನಿನ ಮಹಶೀರ್ ಅನ್ನು ಐಯುಸಿಎನ್ 2018ರಲ್ಲಿ ತೀವ್ರ ಅಳಿವಿನಂಚಿನ ಪ್ರಭೇದಗಳ ಪಟ್ಟಿಗೆ ಸೇರಿಸಿತು. ಹೊರಗಿನ ಕೇಂದ್ರಗಳಲ್ಲಿ ಬೆಳೆಸಿ ನದಿಗೆ ಬಿಟ್ಟ ನೀಲಿರೆಕ್ಕೆಯ ಮಹಶೀರ್ ಅದರ ಅವನತಿಗೆ ಒಂದು ಮುಖ್ಯ ಕಾರಣವೆಂದು ತಜ್ಞರು ಗುರುತಿಸಿದ್ದಾರೆ. ಅಲ್ಲಿ ಬಿತ್ತನೆ ನಡೆದದ್ದು ಮಹಶೀರ್ ಉಳಿಸುವ ಸದುದ್ದೇಶದಿಂದಲೇ. ಯಾವ ನದಿಗೇ ಆಗಲಿ, ಅದರಲ್ಲಿ ಈಗಾಗಲೇ ಯಾವ ಜೀವಿಗಳಿವೆಯೆಂದು ತಿಳಿದ ಮೇಲಷ್ಟೇ ಹೊರಗಿನ ಮೀನುಮರಿ ಬಿಡಬೇಕು.