ಕಿವಿಯಿಂದ ಕಂಡ ಕಾಲ್ಚೆಂಡು

ಪಂದ್ಯಗಳ ವೀಕ್ಷಕ ವಿವರಣೆಯನ್ನು ರೇಡಿಯೋದಲ್ಲಿ ಕೇಳುವ ಅಭ್ಯಾಸ ನಿಮಗುಂಟಷ್ಟೆ. ಆಟ ನಡೆಯುವುದು ಎಲ್ಲಿಯೋ. ನೀವು ಕುಳಿತಿರುವುದು ನಿಮ್ಮ ಮನೆಯ ಪಡಸಾಲೆಯಲ್ಲಿ. ಆದರೂ ಚೆಂಡು ಗೆರೆ ದಾಟಿತೆಂದು ಕೇಳಿದೊಡನೆ ಕುರ್ಚಿ ಬಿಟ್ಟು ಏಳುವವರು ನೀವೇ. ಕಾಣದುದನ್ನು ಕೇಳಿ ಕಾಣುವ ಈ ವಿದ್ಯೆ ತಾನಾಗಿ ಬಂದುದಲ್ಲ. ಯಾರೋ ಒಬ್ಬರು ಅದನ್ನು ಮೊದಲ ಸಲ ಅಂಜುತ್ತ ಅಳುಕುತ್ತ ಮಾಡಿ ನೋಡಬೇಕಾಯಿತು. ಬ್ರಿಟನ್ನಿನ ಕಾಲ್ಚೆಂಡಾಟದ ಮಟ್ಟಿಗೆ ಆ ಪ್ರಯೋಗ ನಡೆದುದು 1927ನೆಯ ಇಸವಿ ಜನವರಿ 22ರಂದು, ಲಂಡನ್ನಿನ ಹೈಬರಿ ಮೈದಾನದಲ್ಲಿ. ಆ ದೇಶದ ಕಾಲ್ಚೆಂಡಿನ ಚರಿತ್ರೆಯಲ್ಲಿ ಹೇಳಿಕೊಳ್ಳುವಂಥ ದಿನಗಳು ಬೇಕಾದಷ್ಟಿವೆ. ಆದರೆ ರೇಡಿಯೋ ಇಟ್ಟುಕೊಂಡಿರುವ ಮನೆಯವರಿಗೆ ಈ ದಿನ ತೀರ ಹತ್ತಿರದ್ದು. ಆದುದರಿಂದ ಅದರ ಸುತ್ತಮುತ್ತಲಿನ ಕೆಲವು ಸಂಗತಿಗಳನ್ನೇ ನಿಮ್ಮ ಮುಂದಿಡುತ್ತೇನೆ.

ಮೊದಲು ನಾಲ್ಕು ವರ್ಷ ಹಿಂದಕ್ಕೆ ಹೋಗೋಣ. 1923ನೆಯ ಏಪ್ರಿಲ್ 28ರಂದು ಲಂಡನ್ನಿನ ವೆಂಬ್ಲಿಯಲ್ಲಿ ಹೊಸದಾಗಿ ಕಟ್ಟಿದ ಕ್ರೀಡಾಂಗಣದಲ್ಲಿ ಎಫ್.ಎ. ಕಪ್ಪಿನ ಅಂತಿಮ ಪಂದ್ಯ ಏರ್ಪಟ್ಟಿತು. ಒಂದು ಕಡೆ ಬೋಲ್ಟನ್ ವಾಂಡರರ್ಸ್, ಇನ್ನೊಂದು ಕಡೆ ವೆಸ್ಟ್ ಹ್ಯಾಮ್. ಅಷ್ಟು ದೊಡ್ಡ ಕ್ರೀಡಾಂಗಣ ತುಂಬೀತೆಂದು ಯಾರೂ ಎಣಿಸಿರಲಿಲ್ಲ. ಬಾಗಿಲಲ್ಲಿ ಹಣ ಕೊಟ್ಟವರಿಗೆಲ್ಲ ಪ್ರವೇಶ. ಲೆಕ್ಕಕ್ಕೆ ಸಿಕ್ಕವರೇ 1,26,047 ಮಂದಿ. ಗೋಡೆ ಹತ್ತಿ, ಬೇಲಿ ಮುರಿದು ಒಳಬಿದ್ದವರನ್ನು ಸೇರಿಸಿದರೆ ಎರಡು ಲಕ್ಷ ಮೀರುತ್ತದೆಂದು ಅಂದಾಜು. ಆಟ ನಡೆಯಬೇಕಾದ ಹುಲ್ಲಿನ ಮೇಲೆಯೇ ಜನ ಸಂತೆಯಂತೆ ನೆರೆದುಬಿಟ್ಟರು. ಆಗ ಜಾರ್ಜ್ ಸ್ಕೋರಿ ಎಂಬ ಪೊಲೀಸಿನವನು ಬಿಲ್ಲಿ ಎಂಬ ಕುದುರೆಯ ಮೇಲೆ ಬಂದು, ಬೆತ್ತವೆತ್ತದೆ, ಜನರನ್ನು ಮೆಲ್ಲಮೆಲ್ಲನೆ ಹಿಂದಕ್ಕೆ ಸರಿಸಿದ. ಅವನೊಬ್ಬನೇ ಕುದುರೆ ಸವಾರನಾಗಿರಲಿಲ್ಲ. ಆದರೆ ಅವನ ಕುದುರೆ ಚಿತ್ರಗಳಲ್ಲಿ ಬೆಳ್ಳಗೆ ಕಾಣುತ್ತಿದ್ದುದರಿಂದ ಕೀರ್ತಿಯೆಲ್ಲ ಅದಕ್ಕೇ ಸಂದಿತು. ಮುಕ್ಕಾಲು ಗಂಟೆ ತಡವಾಗಿ ಆಟ ಮೊದಲಾಯಿತು. ಬೋಲ್ಟನ್ ಎರಡು ಗೋಲುಗಳಿಂದ ಗೆದ್ದಿತು.

ಆ ದಿನದ ಗಾಬರಿಯಿಂದ ಒಂದು ನಿಯಮ ಹುಟ್ಟಿತು. ಮುಂಗಡವಾಗಿ ಚೀಟಿ ಪಡೆದವರಿಗೆ ಮಾತ್ರ ಅಂತಿಮ ಪಂದ್ಯ. ನಿಯಮವೇನೋ ಸರಿಯಾದುದೇ. ಆದರೆ ಅಂದಿನಿಂದ ವೆಂಬ್ಲಿಯ ಒಳಗೆ ಸೇರುವವರಿಗಿಂತ ಹೊರಗೆ ಉಳಿಯುವವರೇ ಹಲವು ಮಡಿ ಹೆಚ್ಚಾದರು. ಹೊರಗುಳಿದವರಿಗೆ ಆಟ ತಲಪುವ ಬಗೆ ಹೇಗೆ? ಮರುದಿನದ ಪತ್ರಿಕೆಯ ವರದಿಯೊಂದೇ. ಪತ್ರಿಕೆಗಳಿಗೂ ಅದೇ ಬೇಕಾಗಿದ್ದಿತು. ಬಿ.ಬಿ.ಸಿ. ಆಗಿನ್ನೂ ಒಂದು ಖಾಸಗಿ ಕಂಪನಿಯಾಗಿತ್ತು; ಸಂಜೆ ಏಳು ಗಂಟೆಗೆ ಮೊದಲು ಅದು ಸುದ್ದಿ ಹೇಳಬಾರದೆಂದು ಪತ್ರಿಕೆಗಳವರು ಒತ್ತಾಯ ತಂದು ಕಟ್ಟುಹಾಕಿಸಿದ್ದರು. ಮೂರು ಗಂಟೆಗೆ ಆರಂಭವಾಗಿ ಐದರೊಳಗೆ ಮುಗಿಯುವ ಆಟವನ್ನು ಏಳರ ಮೇಲೆ ಹೇಳಿದರೆ ಅದು ಹಳಸಿದ ಅನ್ನವಷ್ಟೆ. 1927ನೆಯ ಜನವರಿ 1ರಂದು ಆ ಕಂಪನಿ ರಾಜಶಾಸನದ ಮೂಲಕ ಸಾರ್ವಜನಿಕ ಸಂಸ್ಥೆಯಾಯಿತು, ಕಟ್ಟು ಸಡಿಲಿತು. ಹದಿನೈದೇ ದಿನಗಳಲ್ಲಿ ಟ್ವಿಕನ್‌ಹ್ಯಾಮಿನಿಂದ ರಗ್ಬಿ ಪಂದ್ಯವೊಂದರ ವಿವರಣೆ ಪ್ರಸಾರವಾಯಿತು. ಅದರ ಮರುವಾರವೇ ಹೈಬರಿಯಲ್ಲಿ ಆರ್ಸೆನಲ್ ಮತ್ತು ಶೆಫೀಲ್ಡ್ ಯುನೈಟೆಡ್ ತಂಡಗಳ ಪಂದ್ಯ.

ಮಾತನಾಡಲು ಕರೆತಂದಿದ್ದು ಕ್ಯಾಪ್ಟನ್ ವೇಕ್ಲಮ್ ಎಂಬವರನ್ನು. ಹಿಂದೆ ರಗ್ಬಿ ಆಡಿದವರು. ಇಂಥ ಕೆಲಸವನ್ನು ಮಾಡಿದವರು ಅವರಿಗೆ ಮುಂಚೆ ಅಲ್ಲಿ ಇರಲಿಲ್ಲ, ಆದುದರಿಂದ ಕಲಿಸುವವರೂ ಇರಲಿಲ್ಲ. ನಿರ್ಮಾಪಕ ಲ್ಯಾನ್ಸ್ ಸೀವ್‌ಕಿಂಗ್ ಒಂದು ಉಪಾಯ ಹೂಡಿದರು. ಟ್ವಿಕನ್‌ಹ್ಯಾಮಿನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡವರ ಆಶ್ರಮದಿಂದ ಒಬ್ಬನನ್ನು ಕರೆತಂದು ವೇಕ್ಲಮರ ಸಮೀಪದಲ್ಲಿ ಕೂರಿಸಿದರು. 'ಇವನಿಗೆ ಆಟವನ್ನು ತಿಳಿಸಿ, ಸಾಕು' ಎಂಬುದೇ ಅವರಿಗೆ ದೊರೆತ ಪಾಠ. ಬಯ್ಗುಳ ಆಡಬಾರದೆಂದು ಎದುರಿಗೆ ಒಂದು ಎಚ್ಚರಿಕೆಯ ಫಲಕವನ್ನೂ ತೂಗುಹಾಕಿದ್ದರಂತೆ! ವಿವರಣೆಕಾರರಿಗೆ ಇವೆರಡಕ್ಕಿಂತ ಉತ್ತಮವಾದ ಉಪದೇಶ ಈಗಲೂ ಇದೆಯೆಂದು ನನಗೆ ತೋರುವುದಿಲ್ಲ.

ಇನ್ನೊಂದು ಉಪಾಯ ನಿಮಗೆ ಸ್ವಾರಸ್ಯವೆನಿಸೀತು. ಬಿ.ಬಿ.ಸಿ.ಗೆ ಆಗ 'ರೇಡಿಯೋ ಟೈಮ್ಸ್' ಎಂಬ ಕಾರ್ಯಕ್ರಮ ಪತ್ರಿಕೆಯಿದ್ದಿತು. ನೀವೀಗ ಕೈಯಲ್ಲಿ ಹಿಡಿದಿರುವಂಥದೇ. ಅದರಲ್ಲಿ ಮೈದಾನದ ನಕ್ಷೆಯೊಂದನ್ನು ಅಚ್ಚು ಹಾಕಿ, ಎಂಟು ಚೌಕಗಳಾಗಿ ಹಂಚಿ, ಚೌಕಕ್ಕೊಂದು ಅಂಕೆ ಕೊಟ್ಟರು. ವೇಕ್ಲಮ್ ಆಟವನ್ನು ಬಣ್ಣಿಸುತ್ತಿದ್ದರೆ, ಜೊತೆಯಲ್ಲಿದ್ದ ಇನ್ನೊಬ್ಬರು ನಡುನಡುವೆ 'ಮೂರು', 'ಐದು' ಎಂದು ಚೆಂಡಿರುವ ಚೌಕದ ಅಂಕೆಯನ್ನು ಕೂಗುತ್ತಿದ್ದರು. ಮನೆಯಲ್ಲಿ ಕುಳಿತವರು ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಬೆರಳಿಟ್ಟು ಚೆಂಡನ್ನು ಹಿಂಬಾಲಿಸಬಹುದಾಗಿತ್ತು. ಕೆಲಸ ಮೊದಲ ಚೌಕಕ್ಕೇ ಮರಳಿತೆಂದು ಇಂಗ್ಲಿಷರಲ್ಲಿ ಒಂದು ನುಡಿಗಟ್ಟಿದೆ. ಅದು ಹುಟ್ಟಿದ್ದು ಈ ನಕ್ಷೆಯಿಂದಲೇ ಎಂದು ಅನೇಕರು ಹೇಳುತ್ತಾರೆ. ಪದಗಳ ಚರಿತ್ರೆ ಬಲ್ಲವರು ಇದನ್ನು ಒಪ್ಪುವುದಿಲ್ಲ. ಹಾವು ಏಣಿಯ ಆಟದಿಂದ ಬಂದಿರಬಹುದೆಂದು ಅವರಲ್ಲಿ ಕೆಲವರ ಊಹೆ. ಹಾಗಿದ್ದರೆ ಆ ನುಡಿಗಟ್ಟಿನ ತವರು ನಮ್ಮ ದೇಶವೇ ಆಯಿತು! ನಮ್ಮ ಹಿರಿಯರು ಆಡುತ್ತಿದ್ದ ಪರಮಪದದ ಪಟವೇ ಸಮುದ್ರ ದಾಟಿ ಅಲ್ಲಿ ಮಕ್ಕಳಾಟವಾದುದು.

ಹೈಬರಿಯ ಆ ಪಂದ್ಯ ಒಂದೊಂದು ಗೋಲಿನಿಂದ ಸಮವಾಗಿ ಮುಗಿಯಿತು. ಆಟವಾಗಿ ಅದರಲ್ಲಿ ನೆನಪಿಡುವಂಥದು ಹೆಚ್ಚಿಲ್ಲ. ಆದರೆ ಮೂರು ತಿಂಗಳ ಮೇಲೆ, ಏಪ್ರಿಲ್ 23ರಂದು, ಇದೇ ವಿದ್ಯೆಯನ್ನು ಎಫ್.ಎ. ಕಪ್ಪಿನ ಅಂತಿಮ ಪಂದ್ಯಕ್ಕೆ ಮೊದಲ ಸಲ ಒಡ್ಡಿದಾಗ ನಡೆದುದು ಬೇರೆ ಬಗೆಯ ಕಥೆ. ಒಂದು ಕಡೆ ಲಂಡನ್ನಿನ ಆರ್ಸೆನಲ್. ಇನ್ನೊಂದು ಕಡೆ ವೇಲ್ಸ್ ನಾಡಿನ ಕಾರ್ಡಿಫ್ ಸಿಟಿ.

ವೇಲ್ಸಿನ ಅಂದಿನ ಸ್ಥಿತಿಯನ್ನು ನೀವು ಮನಸ್ಸಿಗೆ ತಂದುಕೊಳ್ಳಬೇಕು. ಅದು ಕಲ್ಲಿದ್ದಲ ನಾಡು. 1926ನೆಯ ಮೇ ತಿಂಗಳಲ್ಲಿ ಗಣಿಯ ಒಡೆಯರು ಕೂಲಿ ತಗ್ಗಿಸಲು ಹೊರಟಾಗ ಕೆಲಸಗಾರರು ಒಪ್ಪಲಿಲ್ಲ. ಗಣಿಗಳ ಬಾಗಿಲು ಮುಚ್ಚಿತು. ಅವರನ್ನು ಬೆಂಬಲಿಸಿ ದೇಶದಾದ್ಯಂತ ನಡೆದ ಮುಷ್ಕರ ಒಂಬತ್ತೇ ದಿನಕ್ಕೆ ಮುಗಿಯಿತು. ಗಣಿಯವರು ಮಾತ್ರ ಚಳಿಗಾಲ ಕಾಲಿಡುವವರೆಗೆ ಹಸಿದುಕೊಂಡು ಕಾದು, ಕೊನೆಗೆ ಸೋತು, ಕಡಮೆ ಕೂಲಿಗೆ ಹೆಚ್ಚು ಹೊತ್ತು ದುಡಿಯಲು ಹಿಂದಿರುಗಿದರು. ಇದಾಗಿ ಆರು ತಿಂಗಳೂ ತುಂಬಿರಲಿಲ್ಲ. ಕಾರ್ಡಿಫಿನ ನಾಯಕ ಫ್ರೆಡ್ ಕೀನರ್ ಆ ಊರಿನವನೇ. ಮಹಾಯುದ್ಧದಲ್ಲಿ ಸೋಮ್ ಕಾಳಗದಲ್ಲಿ ಕಾಲಿಗೆ ಗಾಯಗೊಂಡು, ಮತ್ತೆ ಆಡಲಾರನೆಂದುಕೊಂಡಿದ್ದವರ ಮಾತನ್ನು ಸುಳ್ಳು ಮಾಡಿ ಬಂದವನು. ಪಂದ್ಯದ ಚೀಟಿಗಾಗಿ ಮೂರು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವೆಂದು ಹೇಳುತ್ತಾರೆ. ಒಳಗೆ ಸೇರಿದವರು ತೊಂಬತ್ತು ಸಾವಿರದ ಮೇಲೆ ಸ್ವಲ್ಪ. ಮಿಕ್ಕವರಿಗೆ ರೇಡಿಯೋ. ಕಾರ್ಡಿಫಿನ ಕ್ಯಾಥೇಸ್ ಪಾರ್ಕಿನಲ್ಲಿ ಸಾವಿರಾರು ಜನ ಸೇರಿ ನಿಂತು ಪ್ರಸಾರವನ್ನು ಕೇಳಿದರು. ವಿವರಣೆ ಕೊಟ್ಟವರು ಜಾರ್ಜ್ ಆಲಿಸನ್ ಮತ್ತು ಡೆರೆಕ್ ಮೆಕಲಕ್. ಮೆಕಲಕ್ ಕೂಡ ಸೋಮ್ ಕಾಳಗದಲ್ಲಿ ಒಂದು ಕಣ್ಣು ಕಳೆದುಕೊಂಡವರು. ಮುಂದೆ ಮಕ್ಕಳ ಕಾರ್ಯಕ್ರಮದಲ್ಲಿ 'ಅಂಕಲ್ ಮ್ಯಾಕ್' ಎಂದು ಮನೆಮಾತಾದರು.

ಒಂದು ಗಂಟೆ ಕಳೆದರೂ ಗೋಲಿಲ್ಲ. ಎಪ್ಪತ್ತನಾಲ್ಕನೆಯ ನಿಮಿಷದಲ್ಲಿ ಕಾರ್ಡಿಫಿನ ಹ್ಯೂಯಿ ಫರ್ಗುಸನ್ ಚೆಂಡನ್ನು ಗೋಲಿನ ಕಡೆಗೆ ಒದ್ದ. ಅದರಲ್ಲಿ ಅಷ್ಟೇನೂ ಬಿರುಸಿರಲಿಲ್ಲ. ಆರ್ಸೆನಲಿನ ಗೋಲಿ ಡ್ಯಾನ್ ಲೂಯಿಸ್ ಮಂಡಿಯೂರಿ ಅದನ್ನು ಎದೆಗೆ ಅವಚಿಕೊಂಡ; ಹಿಡಿದೇಬಿಟ್ಟನೆಂದು ನೋಡಿದವರೆಲ್ಲ ಎಣಿಸಿದರು. ಅಷ್ಟರಲ್ಲಿ ಚೆಂಡು ತೋಳಿಗೂ ಎದೆಗೂ ನಡುವೆ ಜಾರಿತು. ತಿರುಗಿ ಹಿಡಿಯಹೋದರೆ ಮೊಣಕೈ ತಾಗಿ ಮೆಲ್ಲನೆ ಗೆರೆಯ ಆಚೆಗೆ ಉರುಳಿತು. ಇಡೀ ಪಂದ್ಯಕ್ಕೆ ಅದೊಂದೇ ಗೋಲು. ಕಪ್ಪು ಇಂಗ್ಲೆಂಡನ್ನು ಬಿಟ್ಟು ವೇಲ್ಸಿಗೆ ಹೋಯಿತು. ಹಾಗೆ ಅದು ಇಂಗ್ಲೆಂಡಿನ ಹೊರಗಿನ ತಂಡಕ್ಕೆ ಸಂದುದು ಅದೊಂದೇ ಬಾರಿ.

ಈಗ ಲೂಯಿಸನ ವಿಷಯ. ಅವನು ವೇಲ್ಸಿನವನು, ರೊಂಡ ಕಣಿವೆಯ ಗಣಿಯ ಊರಿನಿಂದ ಬಂದವನು! ತನ್ನ ನಾಡಿಗಾಗಿ ಬೇಕೆಂದೇ ಬಿಟ್ಟನೆಂದು ಆಡಿಕೊಳ್ಳುವ ಬಾಯಿಗಳಿಗೆ ಬರವೇ? ಅವನು ಮೈಗೆ ತೊಟ್ಟ ಉಣ್ಣೆಯ ಅಂಗಿ ಹೊಸದಾಗಿದ್ದು, ಅದರ ಜಿಡ್ಡಿನಿಂದ ಚೆಂಡು ಜಾರಿತೆಂದು ಆರ್ಸೆನಲಿನವರು ಸಮಾಧಾನ ಹೇಳಿದರು. ಅಂದಿನಿಂದ ಗೋಲಿಯ ಹೊಸ ಅಂಗಿಯನ್ನು ಒಗೆಯದೆ ತೊಡಿಸಬಾರದೆಂಬ ಪದ್ಧತಿ ಅಲ್ಲಿ ಬಂದಿತೆಂದು ಪ್ರತೀತಿ. ಲೂಯಿಸ್ ತನಗೆ ದೊರೆತ ಪದಕವನ್ನು ಹುಲ್ಲಿನ ಮೇಲೆ ಎಸೆದುಬಿಟ್ಟ. ಜೊತೆಯ ಆಟಗಾರ ಬಾಬ್ ಜಾನ್, ಅವನೂ ವೇಲ್ಸಿನವನೇ, ಅದನ್ನು ಎತ್ತಿಕೊಂಡು, ಮತ್ತೊಮ್ಮೆ ಅವಕಾಶ ಬಂದೀತೆಂದು ಸಂತೈಸಿದ. ಬಂದಿತು ಕೂಡ. 1930ರಲ್ಲಿ ಆರ್ಸೆನಲ್ ಮತ್ತೆ ಅಂತಿಮ ಪಂದ್ಯ ಸೇರಿ ಕಪ್ಪು ಗೆದ್ದಿತು. ಬಾಬ್ ಜಾನ್ ಆಡಿದ. ಲೂಯಿಸ್ ಗಾಯಗೊಂಡು ಹೊರಗುಳಿದಿದ್ದ.

ಗೋಲಿಯ ಕೈಯಿಂದ ಚೆಂಡು ಜಾರುವುದು ಅಂದು ಹೊಸತೇನಲ್ಲ. ಆದರೆ ಹಿಂದೆ ಅದನ್ನು ಕಂಡವರು ಮೈದಾನದಲ್ಲಿದ್ದವರಷ್ಟೇ. ಊರಿಗೆ ಮುಟ್ಟುವ ಹೊತ್ತಿಗೆ ಸುದ್ದಿ ತಣ್ಣಗಾಗಿರುತ್ತಿತ್ತು. ಒಬ್ಬನ ಒಂದು ಕ್ಷಣದ ತಪ್ಪು ಅದೇ ಕ್ಷಣದಲ್ಲಿ ಲಕ್ಷೋಪಲಕ್ಷ ಮನೆಗಳನ್ನು ಹೊಕ್ಕಿದ್ದು ಆ ದೇಶದಲ್ಲಿ ಲೂಯಿಸನಿಂದಲೇ ಮೊದಲಾಯಿತೆನ್ನಬೇಕು. ಚೆಂಡು ಒದ್ದ ಫರ್ಗುಸನ್ ಸುಖಪಟ್ಟನೆ? ಅದೂ ಇಲ್ಲ. ಸ್ಕಾಟ್‌ಲೆಂಡಿಗೆ ಹಿಂದಿರುಗಿ ಡಂಡಿ ತಂಡ ಸೇರಿದ. ಅಲ್ಲಿ ಪೆಟ್ಟು ತಿಂದು, ಆಟ ಕೈಗೂಡದೆ, 1930ನೆಯ ಜನವರಿಯಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ವಯಸ್ಸು ಮೂವತ್ತನಾಲ್ಕು.

ರೇಡಿಯೋ ಮತ್ತು ಕಾಲ್ಚೆಂಡಿನ ಸ್ನೇಹವೂ ಬಹುಕಾಲ ನಿಲ್ಲಲಿಲ್ಲ. 1929ರಲ್ಲಿ ಹಣದ ಜಗಳದಿಂದ ಕಪ್ಪಿನ ಅಂತಿಮ ಪಂದ್ಯದ ನೇರ ವಿವರಣೆ ನಿಂತುಹೋಯಿತು, ಬಿ.ಬಿ.ಸಿ.ಯ ಪ್ರತಿನಿಧಿಗಳು ಚೀಟಿ ಕೊಂಡು ಒಳಗೆ ಹೋಗಿ, ಒಬ್ಬರಾದ ಮೇಲೊಬ್ಬರು ಹೊರಗೋಡಿ ಬಂದು ಸಮೀಪದ ಮನೆಯಿಂದ ಕಂಡುದನ್ನು ಹೇಳಬೇಕಾಯಿತು. 1931ರಲ್ಲಿ ಫುಟ್‌ಬಾಲ್ ಲೀಗಿನವರು ತಮ್ಮ ಪಂದ್ಯಗಳ ನೇರ ವಿವರಣೆಯನ್ನೇ ನಿಷೇಧಿಸಿದರು. ಕಪ್ಪಿನ ಅಂತಿಮ ಪಂದ್ಯ, ದೇಶದೇಶಗಳ ಪಂದ್ಯ ಇವು ಲೀಗಿನ ಹಿಡಿತದಲ್ಲಿಲ್ಲದ ಕಾರಣ ಉಳಿದುಕೊಂಡವು. ಶನಿವಾರ ಮಧ್ಯಾಹ್ನದ ಸಾಧಾರಣ ಆಟ ರೇಡಿಯೋದಿಂದ ಮಾಯವಾಯಿತು.

ಲೀಗಿನವರ ವಾದವನ್ನು ತಳ್ಳಿಹಾಕುವಂತಿಲ್ಲ. ದೇಶದಲ್ಲಿ ಕೆಲಸವಿಲ್ಲದವರು ಇಪ್ಪತ್ತು ಲಕ್ಷ ಮೀರಿದ್ದ ಕಾಲ. ಸಣ್ಣ ಊರಿನ ತಂಡ ಬದುಕುವುದು ಬಾಗಿಲಲ್ಲಿ ಬೀಳುವ ಚಿಲ್ಲರೆಯಿಂದ. ದೊಡ್ಡ ತಂಡದ ಆಟ ಮನೆಯಲ್ಲೇ ಕೇಳಿಬರುವುದಾದರೆ ಮಳೆಯಲ್ಲಿ ನೆನೆಯುತ್ತ ಊರಿನ ತಂಡದ ಆಟಕ್ಕೆ ಯಾರು ಹೋಗುತ್ತಾರೆ? ಕಾರ್ಡಿಫನ್ನೇ ನೋಡಿ. ಕಪ್ಪು ಗೆದ್ದ ಎರಡೇ ವರ್ಷಕ್ಕೆ ಮೊದಲ ದರ್ಜೆಯಿಂದ ಇಳಿಯಿತು. 1931ರಲ್ಲಿ ಮೂರನೆಯ ದರ್ಜೆಗೆ ಬಿದ್ದಿತು. ಗಣಿಗಳು ಸೊರಗಿದಂತೆ ಮೈದಾನವೂ ಬರಿದಾಗಿತ್ತು. ಆದರೆ ಆ ನಾಡಿನ ಕೆಲಸವಿಲ್ಲದ ಗಣಿಯವನು ರೇಡಿಯೋ ಕೇಳಿದ್ದರಿಂದ ಆಟಕ್ಕೆ ಹೋಗಲಿಲ್ಲವೆ, ಕೈಯಲ್ಲಿ ಕಾಸಿಲ್ಲದ್ದರಿಂದ ಹೋಗಲಿಲ್ಲವೆ? ನನಗೆ ಎರಡನೆಯದೇ ನಿಜವೆಂದು ತೋರುತ್ತದೆ. ಕಾಸಿದ್ದವನನ್ನು ಮೈದಾನಕ್ಕೆ ಎಳೆಯಲು ಹಾಕಿದ ಕಟ್ಟಳೆ, ಕಾಸಿಲ್ಲದವನ, ಹಾಸಿಗೆ ಹಿಡಿದವನ, ಕಣ್ಣಿಲ್ಲದವನ ಕಿವಿಯಿಂದಲೂ ಆಟವನ್ನು ಕಿತ್ತುಕೊಂಡಿತು. ವೇಕ್ಲಮರ ಬಳಿ ಕೂರಿಸಿದ್ದ ಆ ಯೋಧ ಏನೆಂದುಕೊಂಡಿದ್ದಾನು! ಮಹಾಯುದ್ಧದ ಅನಂತರವೇ ಆ ಬಿಗಿ ಸಡಿಲವಾದುದು.

ನಡುವೆ ಒಂದು ನಗೆಯ ಪ್ರಸಂಗವನ್ನೂ ಹೇಳಿಬಿಡುತ್ತೇನೆ. 1938ನೆಯ ಅಂತಿಮ ಪಂದ್ಯ ಪ್ರೆಸ್ಟನ್ ಮತ್ತು ಹಡರ್ಸ್‌ಫೀಲ್ಡ್ ತಂಡಗಳದು. ಮೊಟ್ಟಮೊದಲು ಪೂರ್ತಿಯಾಗಿ ಟೆಲಿವಿಷನ್ನಿನಲ್ಲಿ ಕಂಡ ಅಂತಿಮ ಪಂದ್ಯವೂ ಅದೇ. ಹೆಚ್ಚಿನ ಅವಧಿಯೂ ಮುಗಿಯುತ್ತ ಬಂದಿತ್ತು, ಗೋಲಿಲ್ಲ. ಬೇಸತ್ತ ವಿವರಣೆಕಾರ ಥಾಮಸ್ ವುಡ್ರೂಫ್, ಇನ್ನು ಗೋಲಾದರೆ ತನ್ನ ಟೋಪಿಯನ್ನು ತಿನ್ನುವುದಾಗಿ ಪಣ ತೊಟ್ಟರು. ನಮ್ಮಲ್ಲಿ ಮೀಸೆ ಬೋಳಿಸಿಕೊಳ್ಳುತ್ತೇನೆನ್ನುವ ಹಾಗೆ. ಕೊನೆಯ ನಿಮಿಷದಲ್ಲಿ ಪೆನಾಲ್ಟಿ! ಜಾರ್ಜ್ ಮಚ್ ಒದ್ದ ಚೆಂಡು ಅಡ್ಡಪಟ್ಟಿಗೆ ಬಡಿದು ಒಳಹೊಕ್ಕಿತು. ವುಡ್ರೂಫ್ ಮಾತಿಗೆ ತಪ್ಪಲಿಲ್ಲ. ಟೋಪಿಯ ಆಕಾರದಲ್ಲಿ ಮಾಡಿಸಿದ ಸಿಹಿತಿಂಡಿಯನ್ನು ಎಲ್ಲರೆದುರು ತಿಂದರು.

1948ನೆಯ ಜನವರಿ 3ರಂದು 'ಸ್ಪೋರ್ಟ್ಸ್ ರಿಪೋರ್ಟ್' ಎಂಬ ಶನಿವಾರ ಸಂಜೆಯ ಕಾರ್ಯಕ್ರಮ ಹುಟ್ಟಿತು. ಅಂದಂದಿನ ಫಲಿತಾಂಶಗಳನ್ನೆಲ್ಲ ಸಾಲಾಗಿ ಓದುವುದು ಅದರ ಒಂದು ಅಂಗ. 1974ರಿಂದ 2013ರವರೆಗೆ ಅದನ್ನು ಓದಿದ ಜೇಮ್ಸ್ ಅಲೆಕ್ಸಾಂಡರ್ ಗಾರ್ಡನ್ನರ ಧ್ವನಿಯಲ್ಲಿ ಒಂದು ವಿಶೇಷವಿದ್ದಿತು. ಮೊದಲ ತಂಡದ ಹೆಸರು, ಅದರ ಗೋಲು, ಆಮೇಲೆ ಎರಡನೆಯ ತಂಡದ ಹೆಸರು. ಇಷ್ಟಾಗುವಾಗಲೇ ಧ್ವನಿಯ ಏರಿಳಿತದಿಂದ ಗೆದ್ದವರಾರು, ಸೋತವರಾರು, ಸಮವೋ ಎಂಬುದು ಕೊನೆಯ ಅಂಕೆ ಬರುವ ಮೊದಲೇ ಕೇಳುವವರಿಗೆ ತಿಳಿದುಹೋಗುತ್ತಿತ್ತು. 2022ನೆಯ ಆಗಸ್ಟಿನಲ್ಲಿ, ಫಲಿತಾಂಶ ಎಲ್ಲರ ಕೈಯ ದೂರವಾಣಿಯಲ್ಲೇ ಇರುವಾಗ ಇದಕ್ಕೆ ಸಮಯವೇಕೆಂಬಂತೆ, ಬಿ.ಬಿ.ಸಿ.ಯವರು ಆ ಓದನ್ನು ಕೈಬಿಟ್ಟರು. ಶ್ರೋತೃಗಳು ಸುಮ್ಮನಿರಲಿಲ್ಲ, ಎಲ್ಲೆಲ್ಲಿಂದಲೋ ಆಕ್ಷೇಪಣೆಗಳು ಬಂದವು. ಸೆಪ್ಟೆಂಬರಿನಲ್ಲಿ, ಶನಿವಾರದ ಐದು ಗಂಟೆಯ ಸುಮಾರಿಗೆ, ತಂಡಗಳ ಹೆಸರುಗಳು ಮತ್ತೆ ಒಂದೊಂದಾಗಿ ರೇಡಿಯೋದಲ್ಲಿ ಕೇಳಿಬಂದವು.